ಪ್ರಸೂತಿವೈದ್ಯದ ಧರ್ಮ

ಹೆರಿಗೆಯೆಂಬುದು ಹೆಣ್ಣಿಗೆ ಮರುಹುಟ್ಟೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಇತರ ವೈದ್ಯರಲ್ಲಿಗೆ ಬರುವವನು ರೋಗಿ. ಪ್ರಸೂತಿವೈದ್ಯರಲ್ಲಿಗೆ ಬರುವವಳು ಸಾಮಾನ್ಯವಾಗಿ ರೋಗಿಯಲ್ಲ. ಪ್ರಕೃತಿಯ ಕಾರ್ಯವೊಂದು ಅವಳಲ್ಲಿ ನಡೆಯುತ್ತಿದೆ. ಬಹುಮಟ್ಟಿಗೆ ಅದು ತಾನಾಗಿಯೇ ನೆರವೇರುವುದು. ಆದರೆ ಕೆಲವೊಮ್ಮೆ ನಿಮಿಷಮಾತ್ರದಲ್ಲಿ ಕೆಡುವುದೂ ಉಂಟು; ಆಗ ಅಪಾಯವು ಎರಡು ಜೀವಗಳಿಗೆ. ಹೀಗಿರಲು ಈ ವೈದ್ಯರ ಮುಖ್ಯಧರ್ಮವು ಯಾವುದು? ಕೈಹಾಕುವುದೆ, ಕೈತಡೆದು ನಿಲ್ಲುವುದೆ?

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಈ ವಿದ್ಯೆಯನ್ನು ತಮ್ಮ ಅಜ್ಜಿಯಿಂದ ಕಲಿತರು. ಹಣ ಮುಟ್ಟದೆ ಸುಮಾರು 15,000 ಹೆರಿಗೆಗಳನ್ನು ಮಾಡಿಸಿದರೆಂದು ಅವರ ಖ್ಯಾತಿ. 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ಬೆಂಗಳೂರಿನ ಕೆಂಗೇರಿಯ ಆಸ್ಪತ್ರೆಯೊಂದರಲ್ಲಿ ಅವರು ಕಾಲವಾದರು. ಅವರ ಬಂಡವಾಳವು ಎರಡು ಕೈಗಳು, ಬೆರಳ ತುದಿಯ ಅರಿವು, ಮತ್ತು ತಾಳ್ಮೆ.

ಇಂದಿನ ಪ್ರಸೂತಿವೈದ್ಯರ ಶಿಕ್ಷಣವು ದೀರ್ಘವಾದುದು. ನಾಲ್ಕೂವರೆ ವರ್ಷಗಳ ಓದು, ಒಂದು ವರ್ಷದ ಆಸ್ಪತ್ರೆಯ ಅಭ್ಯಾಸ, ಆಮೇಲೆ ಮೂರು ವರ್ಷಗಳ ವಿಶೇಷ ವ್ಯಾಸಂಗ. 1935ರಿಂದ ನಡೆದುಬಂದಿರುವ ವಾಣಿವಿಲಾಸ ಆಸ್ಪತ್ರೆಯಲ್ಲಿಯೂ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿಯೂ ಕಿರಿಯ ವೈದ್ಯರು ಇರುಳೆಲ್ಲ ಎಚ್ಚರಿದ್ದು ಕಲಿಯುವುದು ಶಸ್ತ್ರಪ್ರಯೋಗವನ್ನು ಮಾತ್ರವಲ್ಲ. ಶಿಶುವಿನ ಎದೆಬಡಿತವನ್ನು ಮತ್ತೆಮತ್ತೆ ಆಲಿಸುವುದು, ಗರ್ಭದ್ವಾರವು ಎಷ್ಟು ತೆರೆದಿದೆಯೆಂದು ನೋಡಿ ಗುರುತಿಡುವುದು, ಹೆರಿಗೆಯಾದ ಮೇಲೂ ರಕ್ತಸ್ರಾವದ ಮೇಲೆ ಕಣ್ಣಿಡುವುದು: ಇವೆಲ್ಲ ನಿರೀಕ್ಷಣೆಯ ವಿದ್ಯೆಗಳೇ.

ಪಾಂಡಿತ್ಯವೊಂದೇ ಸಾಲದೆಂಬುದಕ್ಕೆ ವಿಯೆನ್ನಾ ನಗರದ ವೃತ್ತಾಂತವು ಸಾಕ್ಷಿ. ಅಲ್ಲಿಯ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯವಿದ್ಯಾರ್ಥಿಗಳ ವಿಭಾಗದಲ್ಲಿಯೇ ಹೆಚ್ಚು ತಾಯಂದಿರು ಬಾಣಂತಿಜ್ವರದಿಂದ ಸಾಯುತ್ತಿದ್ದರು. ಶವಗಳನ್ನು ಕೊಯ್ದ ಕೈಗಳಿಂದಲೇ ವಿದ್ಯಾರ್ಥಿಗಳು ಗರ್ಭಿಣಿಯರನ್ನು ಮುಟ್ಟುತ್ತಿದ್ದರು. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕೈತೊಳೆಯುವ ನಿಯಮವನ್ನು ತಂದಮೇಲೆ ಸಾವು ಬಹಳ ಕಡಮೆಯಾಯಿತು. ಆದರೂ ಅನೇಕ ಪಂಡಿತರು ಅವನ ಮಾತನ್ನು ಒಪ್ಪಲಿಲ್ಲ. ತಮ್ಮ ಕೈಯಲ್ಲಿ ದೋಷವಿದೆಯೆಂದು ಒಪ್ಪಿಕೊಳ್ಳುವುದು ವಿದ್ಯಾವಂತರಿಗೆ ಎಷ್ಟು ಕಷ್ಟ!

ಇಷ್ಟರಿಂದ ಹಳೆಯದೆಲ್ಲ ಒಳ್ಳೆಯದೆಂದು ಹೇಳಲಾಗದು. ಮಗು ಅಡ್ಡವಾಗಿ ನಿಂತಾಗ, ರಕ್ತವು ನಿಲ್ಲದೆ ಹರಿದಾಗ, ತಾಳ್ಮೆಯೇ ಮೃತ್ಯುವಾಗುವುದು. ಆಗ ಶಸ್ತ್ರವೇ ಕರುಣೆ. ತಡಮಾಡಿದ ವೈದ್ಯನು ಪ್ರಕೃತಿಯನ್ನು ನಂಬಿದೆನೆಂದು ಹೇಳಿ ಪಾರಾಗುವಂತಿಲ್ಲ.

ಹಾಗಾದರೆ ಧರ್ಮದ ನಿಷ್ಕರ್ಷೆ ಹೇಗೆ? ಶಸ್ತ್ರಪ್ರಸವವು ನೂರಕ್ಕೆ 10ರಿಂದ 15ನ್ನು ಮೀರಲು ಕಾರಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 1985ರಲ್ಲಿ ಹೇಳಿತು. ಆದರೆ ಎದುರಿಗಿರುವ ಒಬ್ಬ ತಾಯಿಗೆ ಏನು ಮಾಡಬೇಕೆಂಬುದನ್ನು ಅಂಕೆಯು ತಿಳಿಸದು. ತಿಳಿಸಬೇಕಾದುದು ವೈದ್ಯರ ಅಂತರಂಗ. ಈ ಆತುರವು ತಾಯಿಯ ಅವಸರವೋ, ನನ್ನದೋ? ಹಣದ ಆಸೆಯೋ, ಅಪವಾದದ ಅಂಜಿಕೆಯೋ, ಮನೆಯವರು ಗೊತ್ತುಮಾಡಿ ತಂದ ಮುಹೂರ್ತವೋ? ಹಾಗೆಯೇ, ಈ ವಿಳಂಬವು ವಿವೇಕವೋ, ಸೋಮಾರಿತನವೋ? ನೋವಿನಲ್ಲಿರುವ ತಾಯಿ ಇದನ್ನು ವಿಚಾರಿಸಲಾರಳು. ಮಗುವಿಗೆ ಬಾಯಿಯೇ ಇಲ್ಲ. ಆದಕಾರಣ ಈ ಪ್ರಶ್ನೆಗಳನ್ನು ವೈದ್ಯರೇ ತಮಗೆ ಹಾಕಿಕೊಳ್ಳತಕ್ಕದ್ದು.

ಕನ್ನಡದಲ್ಲಿ ಎದುರುನೋಡುವುದಕ್ಕೂ ರಕ್ಷಿಸುವುದಕ್ಕೂ ‘ಕಾಯುವುದು’ ಎಂಬ ಒಂದೇ ಮಾತುಂಟು. ಸೂಲಗಿತ್ತಿಗೂ ತಜ್ಞರಿಗೂ ಸಮಾನವಾದ ಧರ್ಮವು ಈ ಮಾತಿನಲ್ಲಿದೆ. ರಕ್ಷಿಸುವುದಕ್ಕಾಗಿಯೇ ಎದುರುನೋಡಬೇಕು, ಎದುರುನೋಡುವುದರಿಂದ ರಕ್ಷಣೆಯಾಗದೆಂದು ಕಂಡೊಡನೆ ಕೈನೀಡಬೇಕು.