ವಾರದ ತೋರಾ ಪಾಠವೂ ಒತ್ತೆಯ ಹೊದಿಕೆಯೂ



ದೇವರ ವಾಕ್ಯವನ್ನು ಓದುವಾಗ ಅದರ ಅರ್ಥವೇನೆಂದು ಕೇಳುವದು ನಮ್ಮೆಲ್ಲರ ವಾಡಿಕೆ. ಅದು ಯಾರ ಕಿವಿಗೆ ಹೇಳಲ್ಪಟ್ಟದ್ದೆಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಬಿಟ್ಟುಬಿಟ್ಟರೆ ಸತ್ಯವಾದ ವಾಕ್ಯವೂ ಅನ್ಯಾಯಕ್ಕೆ ಆಸರೆಯಾದೀತೋ ಎಂಬ ವಿಚಾರವನ್ನು ಈ ಸಾರಿ ನಿಮ್ಮ ಮುಂದಿಡುತ್ತೇವೆ. ಇದನ್ನು ನಾವು ಕಲಿತದ್ದು ಸುಂಟಿಕೊಪ್ಪದ ಒಂದು ತೋಟದ ಲೈನ್ ಮನೆಯ ಜಗಲಿಯಲ್ಲಿ.

ನಾವು ಉಪದೇಶಿಯ ಕೆಲಸಕ್ಕೆ ನಿಂತು ಹದಿನೈದು ವರುಷಗಳಾದವು. ಹಳೆಯ ಟಿಪ್ಪಣಿ ಪುಸ್ತಕಗಳನ್ನು ಒಂದು ದಿನ ತಿರುವಿ ನೋಡಿದಾಗ, ಮೋಶೆಯ ಐದು ಕಾಂಡಗಳೊಳಗೆ ಸೃಷ್ಟಿ, ಜಲಪ್ರಳಯ, ಯೋಸೇಫನ ಚರಿತ್ರೆ, ಕೆಂಪು ಸಮುದ್ರ, ಹತ್ತು ಆಜ್ಞೆಗಳು ಇವಿಷ್ಟರ ಹೊರತು ಬೇರೇನನ್ನೂ ಪ್ರಸಂಗಕ್ಕೆ ತೆಗೆದುಕೊಂಡಿರಲಿಲ್ಲವೆಂದು ಕಂಡುಬಂತು. ಎಲೆಯ ಮೇಲಿನ ಸಿಹಿಯನ್ನು ಮಾತ್ರ ತಿಂದು ಏಳುವ ಹುಡುಗನಂತೆ ನಾವು ನಡೆದುಕೊಂಡಿದ್ದೆವು. ಆದಕಾರಣ ಯೆಹೂದ್ಯರ ಕ್ರಮವನ್ನು ಹಿಡಿದು ಒಂದು ವರುಷ ಓದೋಣವೆಂದು ಹತ್ತು ಹನ್ನೆರಡು ಮಂದಿ ಶನಿವಾರದ ಸಂಜೆ ಕೂಡಲಾರಂಭಿಸಿದೆವು.

ಆ ಕ್ರಮವೇನೆಂದರೆ: ಮೋಶೆಯ ಐದು ಕಾಂಡಗಳನ್ನು ಅವರು ತೋರಾ ಎನ್ನುವರು. ಅದನ್ನು 54 ಪಾಠಗಳಾಗಿ ಭಾಗಿಸಿ, ವಾರಕ್ಕೊಂದು ಪಾಠದಂತೆ, ಕೆಲವು ವಾರಗಳಲ್ಲಿ ಎರಡನ್ನು ಕೂಡಿಸಿ, ವರುಷದಲ್ಲಿ ಮುಗಿಸುತ್ತಾರೆ. ಸಬ್ಬತ್ ದಿನದ ಬೆಳಿಗ್ಗೆ ಸಭಾಮಂದಿರದಲ್ಲಿ ಸುರುಳಿಯನ್ನು ಬಿಚ್ಚಿ, ಏಳು ಮಂದಿಯನ್ನು ಸರದಿಯಾಗಿ ಕರೆದು ಓದಿಸುವರು. ಬಳಿಕ ಪ್ರವಾದಿಗಳಿಂದ ಒಂದು ಭಾಗವನ್ನು ಓದುವರು. ಪರ್ಣಶಾಲೆಗಳ ಹಬ್ಬದ ಕೊನೆಗೆ ಮೋಶೆಯ ಮರಣದ ಅಧ್ಯಾಯವನ್ನು ಓದಿ ಮುಗಿಸಿ, ಅಲ್ಲಿಯೇ ಆದಿಕಾಂಡದ ಮೊದಲನೆಯ ಅಧ್ಯಾಯವನ್ನು ಆರಂಭಿಸುವರು. ಈ ಪದ್ಧತಿ ನಮಗೆ ಪರಕೀಯವಾದದ್ದಲ್ಲ. ನಜರೇತಿನಲ್ಲಿ ಕರ್ತನು ಎದ್ದು ಯೆಶಾಯನ ಸುರುಳಿಯನ್ನು ಓದಿದ್ದೂ, ಪಿಸಿದ್ಯದ ಅಂತಿಯೋಕ್ಯದಲ್ಲಿ ಧರ್ಮಶಾಸ್ತ್ರವನ್ನೂ ಪ್ರವಾದಿಗಳನ್ನೂ ಓದಿದ ಮೇಲೆ ಪೌಲನನ್ನು ಮಾತಾಡಲು ಕರೆದದ್ದೂ ಇಂಥ ಕೂಟಗಳಲ್ಲಿಯೇ. ಹಾಗೆ ಓದುವವನು ತನಗೆ ಬೇಕಾದ ವಾಕ್ಯವನ್ನು ಆರಿಸಿಕೊಳ್ಳಲಾರನು. ಆ ವಾರಕ್ಕೆ ಬಂದದ್ದನ್ನು ಓದಲೇಬೇಕು.

ಇದಲ್ಲದೆ ಮನೆಯಲ್ಲಿ ಓದುವವನು ವಾರದ ಪಾಠದ ಮೂಲವನ್ನು ಎರಡು ಸಾರಿಯೂ ಅರಮಾಯ ಭಾಷಾಂತರವನ್ನು ಒಂದು ಸಾರಿಯೂ ಓದಬೇಕೆಂದು ತಾಲ್ಮುದಿನಲ್ಲಿ ಹೇಳಿದೆ. ಇದು ನಮಗೆ ಬಹಳ ಉಪಯೋಗಕ್ಕೆ ಬಂತು. ನಮ್ಮ ಕೂಟದವರಲ್ಲಿ ತುಳು, ತಮಿಳು, ಮಲೆಯಾಳ ಆಡುವವರೇ ಹೆಚ್ಚು. ಕನ್ನಡವು ಅವರಿಗೆ ಗುಡಿಯ ಮತ್ತು ಪುಸ್ತಕದ ಭಾಷೆ. ಆದದರಿಂದ ಕನ್ನಡದಲ್ಲಿ ಎರಡು ಸಾರಿ ಓದಿ, ಮೂರನೆಯ ಸಾರಿ ಯಾರಾದರೊಬ್ಬರು ಮನೆಮಾತಿನಲ್ಲಿ ಹೇಳುವದೆಂದು ಗೊತ್ತುಮಾಡಿದೆವು. ಮನೆಮಾತಿಗೆ ಇಳಿದ ಮೇಲೆ ಪಾಠದಿಂದ ತಪ್ಪಿಸಿಕೊಳ್ಳುವದು ಕಷ್ಟ.

ಯೆಹೂದ್ಯರೂ ಕ್ರೈಸ್ತರೂ ಇದೇ ಅಧ್ಯಾಯಗಳನ್ನು ಓದಿದರೂ ಓದುವ ರೀತಿ ಒಂದಲ್ಲ. ಸ್ಥೂಲವಾಗಿ ಹೇಳುವದಾದರೆ, ಇದರಿಂದ ನಾನು ಮಾಡತಕ್ಕದ್ದೇನೆಂದು ಅವರು ಮೊದಲು ಕೇಳುತ್ತಾರೆ. ಇದು ಯಾರನ್ನು ತೋರಿಸುತ್ತದೆಂದು ನಾವು ಮೊದಲು ಕೇಳುತ್ತೇವೆ. ಪಸ್ಕದ ಕುರಿಯಲ್ಲಿಯೂ ಬಂಡೆಯಿಂದ ಹೊರಟ ನೀರಿನಲ್ಲಿಯೂ ಕ್ರಿಸ್ತನನ್ನು ಕಾಣಲು ಅಪೊಸ್ತಲರೇ ನಮಗೆ ಕಲಿಸಿದ್ದಾರೆ. ಅದನ್ನು ನಾವು ಬಿಡುವದಿಲ್ಲ. ಆದರೆ ಕ್ರಿಸ್ತನ ಬಳಿಗೆ ಓಡುವ ಅವಸರದಲ್ಲಿ ದಾರಿಯಲ್ಲಿ ಕೂತಿರುವ ಕೂಲಿಯವನನ್ನು ದಾಟಿಹೋಗುವೆವೋ ಎಂಬ ಸಂಶಯವು ಆ ವರುಷದ ಓದಿನಲ್ಲಿ ನಮ್ಮನ್ನು ಬಿಡದೆ ಕಾಡಿತು.

ರೋಬಸ್ಟಾ ಕಾಫಿಯ ಕೊಯ್ಲಿನ ಕಾಲದಲ್ಲಿ, ಅಂದರೆ ಜನವರಿಯ ಕೊನೆಗೋ ಫೆಬ್ರವರಿಯಲ್ಲಿಯೋ, ‘ಮಿಶ್ಪಾತೀಮ್’ ಎಂಬ ಪಾಠ ಬರುವದು. ನ್ಯಾಯವಿಧಿಗಳೆಂದು ಆ ಹೆಸರಿನ ಅರ್ಥ. ವಿಮೋಚನಕಾಂಡದ 21ನೆಯ ಅಧ್ಯಾಯದಿಂದ 24ರ ವರೆಗೆ. ಹಿಂದಿನ ವಾರ ಸೀನಾಯಿ ಬೆಟ್ಟದ ಗುಡುಗು ಮಿಂಚುಗಳನ್ನು ಕೇಳಿದ ನಮ್ಮವರು ಈ ವಾರ ಹಾಯುವ ಎತ್ತು, ಮುಚ್ಚದ ಗುಂಡಿ, ದಾಸನ ಬಿಡುಗಡೆ, ಸಾಲ ಎಂಬಿವುಗಳನ್ನು ಕೇಳಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಪಾಠವು ದಾಸರ ವಿಷಯದಿಂದಲೇ ಆರಂಭವಾಗುತ್ತದಾದ್ದರಿಂದ ನಾವು ಮಂಗಳೂರಿನ ಒಂದು ಹಳೆಯ ಸಂಗತಿಯನ್ನು ಹೇಳಿದೆವು. ಯೆಹೂದ್ಯರೆಂದರೆ ಬಹುದೂರದವರೆಂದು ನಮ್ಮವರ ಎಣಿಕೆ. ಆದರೆ ಮಡಿಕೇರಿಯ ಆಚೆ ಘಟ್ಟವಿಳಿದು ನಾವು ಸೇರುವ ಅದೇ ಮಂಗಳೂರಿನಲ್ಲಿ 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಹಲವು ವರುಷ ವಾಸಿಸಿದನು. ಇವನು ಟುನೀಸಿಯ ದೇಶದವನು. ಮೆಣಸು ಮೊದಲಾದವುಗಳ ವ್ಯಾಪಾರದೊಂದಿಗೆ ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡಿಸಿದನು; ಶಾಸ್ತ್ರಜ್ಞನು, ಪದ್ಯ ಬರೆದವನು; ಬರೆಯುವ ಕಾಗದವನ್ನು ಏಡನ್ನಿನ ಸ್ನೇಹಿತರಿಂದ ತರಿಸಿಕೊಳ್ಳುತ್ತಿದ್ದನು. ದೇವರ ನಾಮವಿದ್ದೀತೆಂಬ ಭಯದಿಂದ ಹಳೆಯ ಕಾಗದವನ್ನು ಹಾಳುಮಾಡದೆ ಇಡುವ ಪದ್ಧತಿ ಅವರಲ್ಲಿರುವದರಿಂದ ಅವನ ಪತ್ರಗಳು ಈಜಿಪ್ಟಿನ ಕೈರೋವಿನ ಸಭಾಮಂದಿರವೊಂದರ ಕೋಣೆಯಲ್ಲಿ ಉಳಿದುಬಂದವು. 1132ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಮಂಗಳೂರಿನಲ್ಲಿ ಅವನು ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಬಳಿಕ ಅವಳನ್ನೇ ವಿವಾಹವಾದನೆಂದು ವಿದ್ವಾಂಸರು ತಿಳಿಯುತ್ತಾರೆ. ಅದೇ ಮನುಷ್ಯನಿಗೆ ಬೊಮ್ಮನೆಂಬ ದಾಸನೂ ಇದ್ದನು. ಅವನು ಯಜಮಾನನ ಪರವಾಗಿ ಏಡನ್ನಿಗೆ ಹೋಗಿಬಂದು ವ್ಯಾಪಾರ ನಡಿಸಿದವನು. ಒಬ್ಬಳನ್ನು ಬಿಡಿಸಿ ಒಬ್ಬನನ್ನು ಇಟ್ಟುಕೊಂಡದ್ದು ಯಾಕೆಂದು ನಮ್ಮ ಹುಡುಗನೊಬ್ಬನು ಕೇಳಿದನು. ಮೋಶೆಯ ಧರ್ಮಶಾಸ್ತ್ರವು ದಾಸತ್ವಕ್ಕೆ ಮಿತಿ ಹಾಕಿತೇ ಹೊರತು ಅದನ್ನು ಅಳಿಸಲಿಲ್ಲ. ಕ್ರೈಸ್ತ ರಾಜ್ಯಗಳೂ ಬಹುಕಾಲ ಅಳಿಸಲಿಲ್ಲ. ಇದನ್ನು ಮರೆಮಾಡದೆ ಹೇಳಿ ಮುಂದೆ ಓದಿದೆವು.

22ನೆಯ ಅಧ್ಯಾಯದ ಕೊನೆಗೆ ಒಂದು ವಿಧಿ ಇದೆ. ನೆರೆಯವನ ಮೇಲ್ಹೊದಿಕೆಯನ್ನು ಒತ್ತೆ ತೆಗೆದುಕೊಂಡರೆ ಹೊತ್ತು ಮುಳುಗುವದರೊಳಗೆ ಹಿಂದಕ್ಕೆ ಕೊಡಬೇಕು. ಅವನಿಗಿರುವದು ಅದೊಂದೇ, ಇನ್ನೇನು ಹೊದ್ದು ಮಲಗಾನು ಎಂದು ಅದರ ತಾತ್ಪರ್ಯ. 11ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಟ್ರುವಾ ಪಟ್ಟಣದಲ್ಲಿದ್ದ ರಾಶಿ ಎಂಬ ವ್ಯಾಖ್ಯಾನಕಾರನು ಹಿಂದಿನವರ ಮಾತನ್ನು ತೆಗೆದುಕೊಂಡು ಇಲ್ಲಿ ಹೀಗೆ ವಿವರಿಸುತ್ತಾನೆ: ನೀನು ದೇವರಿಗೆ ಎಷ್ಟು ಸಾಲಗಾರನು! ಪ್ರತಿ ರಾತ್ರಿ ನಿನ್ನ ಪ್ರಾಣವು ಆತನ ಬಳಿಗೆ ಹೋಗಿ ಲೆಕ್ಕ ಒಪ್ಪಿಸಿ ತಪ್ಪಿತಸ್ಥವಾಗುತ್ತದೆ; ಆದರೂ ಆತನು ಅದನ್ನು ನಿನಗೆ ತಿರುಗಿ ಕೊಡುತ್ತಾನೆ; ನೀನೂ ಹಾಗೆಯೇ ಕೊಡು. ಅವರ ಹಿರಿಯರ ವಿಧಿಗಳನ್ನು ಕೂಡಿಸಿದ ಮಿಶ್ನಾ ಎಂಬ ಗ್ರಂಥದಲ್ಲಿ, ಒತ್ತೆಯ ತಲೆದಿಂಬನ್ನು ರಾತ್ರಿಗೂ ನೇಗಿಲನ್ನು ಹಗಲಿಗೂ ಹಿಂದಕ್ಕೆ ಕೊಡಬೇಕೆಂದಿದೆ. ವಿಧವೆಯಿಂದ ಒತ್ತೆ ತೆಗೆಯಬಾರದೆಂಬಲ್ಲಿ, ಬಡ ವಿಧವೆಯೋ ಐಶ್ವರ್ಯವಂತಳೋ ಯಾರಿಂದಲೂ ಕೂಡದೆಂದು ಒಬ್ಬನು, ಐಶ್ವರ್ಯವಂತಳಿಂದ ತೆಗೆಯಬಹುದೆಂದು ಇನ್ನೊಬ್ಬನು; ಇಬ್ಬರ ಮಾತನ್ನೂ ಬರೆದಿಟ್ಟಿದ್ದಾರೆ.

ಈ ಹೊದಿಕೆಯು ಬರೀ ಗ್ರಂಥದ ಮಾತಲ್ಲ. 1960ರಲ್ಲಿ ಇಸ್ರಾಯೇಲ್ ದೇಶದ ಕರಾವಳಿಯಲ್ಲಿ, ಯಾವ್ನೆ-ಯಾಮ್ ಎಂಬಲ್ಲಿಗೆ ಸಮೀಪದಲ್ಲಿ, ಇಬ್ರಿಯ ಭಾಷೆಯಲ್ಲಿ ಬರೆದ ಮಡಕೆಯ ಚೂರುಗಳು ಸಿಕ್ಕಿದವು. ಕ್ರಿಸ್ತಪೂರ್ವ 7ನೆಯ ಶತಮಾನದ ಕೊನೆಯವು. ಅದು ಪೈರು ಕೊಯ್ಯುವ ಒಬ್ಬ ಕೂಲಿಯವನ ಅರ್ಜಿ. ತಾನು ಅಳತೆಯ ಪ್ರಕಾರ ಕೆಲಸ ಮುಗಿಸಿದ್ದರೂ ಶೋಬೈಯ ಮಗನಾದ ಹೋಶಾಯಾಹು ಎಂಬವನು ತನ್ನ ವಸ್ತ್ರವನ್ನು ಕಿತ್ತುಕೊಂಡಿದ್ದಾನೆಂದೂ, ಜೊತೆಗೆ ಕೊಯ್ದವರು ತನ್ನ ಪರವಾಗಿ ಸಾಕ್ಷಿ ಹೇಳುವರೆಂದೂ, ಅದನ್ನು ಕೊಡಿಸಬೇಕೆಂದೂ ಅಧಿಕಾರಿಯನ್ನು ಬೇಡಿಕೊಂಡಿದ್ದಾನೆ. ಇದನ್ನು ಕೇಳಿ ನಮ್ಮ ಕೂಟದವರು ನಕ್ಕರು. ಬೆಳಿಗ್ಗೆಯಿಂದ ಕಾಫಿ ಕೊಯ್ದು, ಚೀಲ ತೂಗಿಸಿ, ಮೇಸ್ತ್ರಿಯ ಪುಸ್ತಕದಲ್ಲಿ ಕಡಿಮೆ ಬರೆಯಿಸಿಕೊಂಡು ಬಂದವರು ಅವರು.

ಮೂರನೆಯ ಸಾರಿ, ತುಳುವಿನಲ್ಲಿ ಹೇಳಿ ಮುಗಿದಾಗ, ಯಾವಾಗಲೂ ಸುಮ್ಮನೆ ಕೂತಿರುತ್ತಿದ್ದ ಒಬ್ಬ ಮುದುಕಿ ಕೇಳಿದಳು: “ಅಯ್ಯಾ, ಮೋಶೆ ಇದನ್ನು ಯಾರಿಗೆ ಹೇಳಿದ್ದು? ಒತ್ತೆ ಇಟ್ಟವರಿಗೋ, ಇಡಿಸಿಕೊಂಡವರಿಗೋ?”

ಆಕೆ ವಿಧವೆ. ಮಗಳ ಹೆರಿಗೆಯ ಖರ್ಚಿಗೆ ನಮ್ಮ ಸಭೆಯ ಹಿರಿಯರೊಬ್ಬರಿಂದ ಸಾಲ ತಂದಿದ್ದಳು. ಒತ್ತೆಯಾಗಿ ಬ್ಯಾಂಕಿನ ಪುಸ್ತಕವನ್ನೂ ಹಣ ತೆಗೆಯುವ ಕಾರ್ಡನ್ನೂ ಅವರು ಇಟ್ಟುಕೊಂಡಿದ್ದರು. ಕೂಲಿಯು ಬ್ಯಾಂಕಿಗೆ ಬರುವದರಿಂದ, ತನ್ನ ಸ್ವಂತ ದುಡಿತದ ಹಣಕ್ಕೆ ಆಕೆ ಅವರ ಬಾಗಲಲ್ಲಿ ನಿಲ್ಲಬೇಕಾಗಿತ್ತು. ಧರ್ಮೋಪದೇಶಕಾಂಡವು ಬೀಸುವ ಕಲ್ಲನ್ನು ಒತ್ತೆ ತೆಗೆದುಕೊಳ್ಳುವದನ್ನು ಜೀವವನ್ನೇ ತೆಗೆದುಕೊಂಡದ್ದಕ್ಕೆ ಸಮವೆಂದು ಎಣಿಸುತ್ತದೆ. ಈ ಕಾಲದ ಬೀಸುವ ಕಲ್ಲು ಇಂಥದ್ದೇ. ಆ ಹಿರಿಯರೂ ಆ ಸಂಜೆ ಜಗಲಿಯಲ್ಲಿದ್ದರು.

ಅವರಿಗಿಂತ ಮೊದಲು ನಾಚಿಕೆಪಟ್ಟವರು ನಾವು. ಯಾಕಂದರೆ ಒಂದು ವರುಷದ ಹಿಂದೆ ಆಕೆ ಈ ಸಂಕಟವನ್ನು ನಮ್ಮ ಬಳಿಯಲ್ಲಿ ಹೇಳಿಕೊಂಡಿದ್ದಳು. ಆಗ ನಾವು ಬೆಟ್ಟದ ಪ್ರಸಂಗವನ್ನು ತೆಗೆದು, ಒಳಂಗಿಗಾಗಿ ನ್ಯಾಯಕ್ಕೆಳೆಯುವವನಿಗೆ ಮೇಲ್ಹೊದಿಕೆಯನ್ನೂ ಬಿಟ್ಟುಬಿಡಬೇಕೆಂಬ ಕರ್ತನ ಬೋಧನೆಯನ್ನು ತೋರಿಸಿ, ಸಹಿಸಿಕೊಳ್ಳಮ್ಮಾ ಎಂದು ಬುದ್ಧಿಹೇಳಿ ಕಳುಹಿಸಿದ್ದೆವು. ವಾಕ್ಯವು ಸತ್ಯವೇ. ಆದರೆ ಆ ಮೇಲ್ಹೊದಿಕೆ ಯಾವದು? ಮೋಶೆಯ ವಿಧಿಯ ಪ್ರಕಾರ ಯಾವ ಸಾಲಗಾರನೂ ರಾತ್ರಿಗೆ ಕಳಕೊಳ್ಳಬಾರದ ಹೊದಿಕೆಯೇ ಅದು. ಕರ್ತನ ಮಾತನ್ನು ಕೇಳುತ್ತಿದ್ದವರಿಗೆ ಇದು ಗೊತ್ತಿತ್ತು. ತನ್ನದೆಂದು ಧರ್ಮಶಾಸ್ತ್ರವೇ ಸ್ಥಿರಪಡಿಸಿದ್ದನ್ನು ತಾನಾಗಿ ಬಿಟ್ಟುಕೊಡುವವನು ಮಾತ್ರ ಕೊಡುವವನು. ಹಕ್ಕೇ ಇಲ್ಲದವನಿಂದ ತೆಗೆದುಕೊಂಡದ್ದನ್ನು ದಾನವೆನ್ನಲಾಗದು, ಅದು ಸುಲಿಗೆ. ಹೀಗಿರುವಾಗ ಸಾಲಗಾರಳಿಗೆ ಕರ್ತನ ಮಾತನ್ನು ಹೇಳಿ, ಸಾಲ ಕೊಟ್ಟವರಿಗೆ ಮೋಶೆಯ ಮಾತನ್ನು ಹೇಳದೆಹೋದ ಉಪದೇಶಿಯು ಯಾರ ಸೇವಕನು? ಎರಡನ್ನೂ ಆಕೆಗೇ ಹೇಳಿದ್ದರೂ ಸಾಕಾಗುತ್ತಿರಲಿಲ್ಲ. ನಾವು ಹೋಗಬೇಕಾಗಿದ್ದ ಮನೆ ಬೇರೆ ಇತ್ತು.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಯ್ಯನವರೇ, ಧರ್ಮಶಾಸ್ತ್ರದ ನೊಗವು ಕ್ರೈಸ್ತರ ಮೇಲಿಲ್ಲವಲ್ಲ? ಪೌಲನು ರೋಮಾಪುರದವರಿಗೆ ಬರೆದದ್ದು ಅದನ್ನೇ ಅಲ್ಲವೇ?” ಎಂದರು. ಪ್ರಶ್ನೆ ಹಗುರವಾದದ್ದಲ್ಲ. ಸುನ್ನತಿಯನ್ನೂ ಆಹಾರದ ವಿಧಿಗಳನ್ನೂ ಅನ್ಯಜನರ ಮೇಲೆ ಹೊರಿಸದೆ ಇದ್ದದ್ದರಿಂದಲೇ ನಮ್ಮಂಥವರು ಸಭೆಯಲ್ಲಿದ್ದೇವೆ. ಆದರೆ ಅದೇ ಪೌಲನು ರೋಮಾಪುರದವರಿಗೆ, ನೆರೆಯವನಿಗೆ ಕೇಡು ಮಾಡದ ಪ್ರೀತಿಯಿಂದ ಧರ್ಮಶಾಸ್ತ್ರವು ನೆರವೇರುವದೆಂದು ಬರೆದನು. ಯಾಕೋಬನು ತನ್ನ ಪತ್ರಿಕೆಯಲ್ಲಿ ತಡೆಹಿಡಿದ ಕೂಲಿಯು ಕೂಗಿಕೊಳ್ಳುತ್ತದೆಂದು ಬರೆದಾಗ ಮೋಶೆಯ ಕಾಂಡಗಳನ್ನು ಮರೆತಿರಲಿಲ್ಲ. ಸಾಲವು ನಮಗೆ ಬರತಕ್ಕದ್ದಾಗಿರುವಾಗ ಧರ್ಮಶಾಸ್ತ್ರವನ್ನು ಬಿಡುವದೂ, ನಾವು ಕೊಡತಕ್ಕದ್ದಾದಾಗ ಕೃಪೆಯನ್ನು ಹಿಡಿಯುವದೂ ಪೌಲನ ಉಪದೇಶವಲ್ಲ. ಇಷ್ಟನ್ನು ನಾವು ಹೇಳಿದೆವು. ಹಿರಿಯರನ್ನು ನೋಡದೆ, ಪುಸ್ತಕವನ್ನು ನೋಡುತ್ತಾ ಹೇಳಿದೆವೆಂಬದನ್ನೂ ಒಪ್ಪಿಕೊಳ್ಳಬೇಕು.

ಯೆಹೂದ್ಯರು ಈ ಪಾಠವನ್ನು ನಮಗಿಂತ ಚೆನ್ನಾಗಿ ಕೈಕೊಂಡರೆಂದು ನಾವು ಹೇಳುವದಿಲ್ಲ. ಒತ್ತೆಯ ವಸ್ತ್ರಗಳ ಮೇಲೆ ಯಜ್ಞವೇದಿಯ ಪಕ್ಕದಲ್ಲಿಯೇ ಮಲಗಿದವರನ್ನು ಆಮೋಸನು ಗದರಿಸಬೇಕಾಯಿತು. ಆದರೆ ವರುಷಕ್ಕೊಂದು ಸಾರಿ, ಸಾಲ ಕೊಟ್ಟವನೂ ತಂದವನೂ ಒಂದೇ ಮಂದಿರದಲ್ಲಿ ನಿಂತಿರುವಾಗ, ಆ ವಿಧಿಯು ಅವರ ಕಿವಿಗೆ ಬೀಳುತ್ತದೆ. ನಮ್ಮ ಸಭೆಯಲ್ಲಿ ಹದಿನೈದು ವರುಷ ಬಿದ್ದಿರಲಿಲ್ಲ.

ಮಾರನೆಯ ಶನಿವಾರ ದೇವದರ್ಶನ ಗುಡಾರದ ಅಳತೆಗಳ ಪಾಠ. ಹಿರಿಯರು ಬರಲಿಲ್ಲ. ಅದರ ಮುಂದಿನ ವಾರ, ಆರೋನನ ವಸ್ತ್ರಗಳ ಪಾಠದ ದಿನ, ಬಂದು ಹಿಂದುಗಡೆ ಕೂತರು. ಕಾರ್ಡೂ ಪುಸ್ತಕವೂ ಮುದುಕಿಯ ಕೈಸೇರಿ ಎರಡು ದಿನವಾಗಿತ್ತೆಂದು ನೆರೆಮನೆಯವರಿಂದ ತಿಳಿಯಿತು. ಸಾಲವು ಹಾಗೆಯೇ ಇದೆ. ತಿಂಗಳಿಗಿಷ್ಟೆಂದು ಆಕೆ ಕೊಡುತ್ತಿದ್ದಾಳೆ. ಆ ಸಂಜೆ ಪಾಠವನ್ನು ಮೊದಲನೆಯ ಸಾರಿ ಓದುವ ಸರದಿ ಹಿರಿಯರದಾಗಿತ್ತು. ಕನ್ನಡಕವನ್ನು ಮರೆತುಬಂದಿದ್ದರಿಂದ ಮುದುಕಿಯ ಮೊಮ್ಮಗನು ಅವರ ಪಕ್ಕದಲ್ಲಿ ಕೂತು ಓದಿದನು.