ಕಾಳು ಎಲ್ಲಿಟ್ಟೆ?

ಎರಡು ಚಳಿಗಾಲದ ಹಿಂದೆ, ಸಂಶೋಧನಾ ಪ್ರಬಂಧದ ಒಂದು ಅಧ್ಯಾಯ ಮುಗಿಸುವ ನೆಪದಲ್ಲಿ 3 ವಾರ ಊರಿಗೆ ಹೋಗಿದ್ದೆ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ ಕಡೆಗೆ ಹೋಗುವಾಗ ಒಳದಾರಿಯಲ್ಲಿ ಸಿಗುವ ಊರು ನಮ್ಮದು. ಅಧ್ಯಾಯ ಮುಗಿಯಲಿಲ್ಲ. ಅದರ ಬದಲು ಹಿತ್ತಲಲ್ಲಿ ಕೂತು ಹಕ್ಕಿಗಳ ಫೋಟೋ ತೆಗೆದೆ.

ಬೇಲಿಯಿಂದ ಸ್ವಲ್ಪ ಈಚೆಗೆ, ಬಯಲಲ್ಲಿ, ಒಣಗಿದ ಜಾಲಿ ಕೊಂಬೆಯೊಂದನ್ನು ನೆಟ್ಟೆ. ಅದರ ಹಿಂಬದಿಯಲ್ಲಿ ಚಾಕುವಿನಿಂದ ಚಿಕ್ಕ ಗುಳಿ ತೋಡಿ ನವಣೆ ತುಂಬಿದೆ. ಫೋಟೋದಲ್ಲಿ ಕಾಳು ಕಾಣಬಾರದು ಎಂಬುದು ಲೆಕ್ಕ. ಹಿನ್ನೆಲೆ ಮಸುಕು ಹಸಿರಾಗಿ ಬರಲೆಂದು ಹಿಂದಿದ್ದ ಸೌದೆ, ಕೊಡ, ಅವ್ವನ ಬಟ್ಟೆ ಒಣಹಾಕುವ ತಂತಿ ಎಲ್ಲವನ್ನೂ ತೆಗೆಸಿದೆ. ಬೆಳಿಗ್ಗೆ 7ರಿಂದ 9ರವರೆಗೆ ಓರೆಬಿಸಿಲು ನೇರ ಆ ಕೊಂಬೆಯ ಮೇಲೇ ಬೀಳುತ್ತಿತ್ತು.

ಮೊದಲು ಗುಬ್ಬಿ ಬಂದವು, ಆಮೇಲೆ ಬೆಳವ. ಎರಡನೇ ವಾರದ ಕೊನೆಗೆ ನಾನು ಕಾಯುತ್ತಿದ್ದ ಕೆಂಪು ರಾಟವಾಳ ಬಂತು. ಗುಬ್ಬಿಗಿಂತ ಸಣ್ಣದು. ಕೆಂಪು ಮೈ, ಅದರ ತುಂಬ ಬಿಳಿ ಚುಕ್ಕೆ. ಇಂಗ್ಲಿಷಿನಲ್ಲಿ ಇದಕ್ಕೆ ಅವಡವಟ್ ಎನ್ನುತ್ತಾರೆ. ಅಹಮದಾಬಾದ್ ಎಂಬ ಹೆಸರು ತಿರುಚಿಕೊಂಡು ಹಾಗಾಗಿದೆ. ಒಂದು ಕಾಲಕ್ಕೆ ಪಂಜರದಲ್ಲಿ ಸಾಕುವ ಶೋಕಿಗೆಂದು ಇವನ್ನು ಹಿಡಿದು ಅಲ್ಲಿಂದ ಹೊರದೇಶಗಳಿಗೆ ಕಳಿಸುತ್ತಿದ್ದರು. ಚೆಂದವೇ ಅದಕ್ಕೆ ಕುತ್ತಾಯಿತು. ನನ್ನ ಫೋಟೋವನ್ನು ಗೆಳೆಯರೆಲ್ಲ ಮೆಚ್ಚಿದರು. "ಎಷ್ಟು ಸಹಜವಾಗಿದೆ" ಎಂದವರೂ ಇದ್ದರು. ಗುಳಿಯ ವಿಷಯ ನಾನು ಯಾರಿಗೂ ಹೇಳಲಿಲ್ಲ.

ಮೂರನೇ ವಾರ ಒಂದು ಸಣ್ಣ ಗಿಡುಗ ಎಲ್ಲಿಂದಲೋ ಎರಗಿ, ಕೊಂಬೆಯ ಮೇಲಿದ್ದ ಗುಬ್ಬಿಯನ್ನು ಎತ್ತಿಕೊಂಡು ಹೋಯಿತು. ಗಿಡುಗವೂ ತಿನ್ನಬೇಕು, ಅದರಲ್ಲಿ ತಪ್ಪಿಲ್ಲ. ನನ್ನನ್ನು ಇಂದಿಗೂ ಕಾಡುವುದು ಬೇರೆ: ಅಷ್ಟು ಹೊತ್ತೂ ನನ್ನ ಬೆರಳು ಕ್ಯಾಮೆರಾದ ಗುಂಡಿ ಒತ್ತುತ್ತಲೇ ಇತ್ತು.

ರಜೆ ಮುಗಿಸಿ ವಿಶ್ವವಿದ್ಯಾಲಯಕ್ಕೆ ಮರಳಿ ನಾಲ್ಕು ದಿನವಾಗಿತ್ತು. ಅವ್ವ ಫೋನಿನಲ್ಲಿ ಅದೂ ಇದೂ ಮಾತಾಡಿ ಕೊನೆಗೆ ಹೇಳಿದಳು: "ನೀ ಹೋದ ಮ್ಯಾಲೂ ಅವು ಬರ್ತಾವ. ಆ ಕಡ್ಡಿ ಮ್ಯಾಲ ಕುಂತು ಅತ್ತಾಗ ಇತ್ತಾಗ ನೋಡ್ತಾವ, ಹೋಗ್ತಾವ."

ಅವ್ವ ಬೈಯಲಿಲ್ಲ. ಆದರೂ ಆ ಮಾತು ಕೇಳಿದ ಮೇಲೆ ಆ ಫೋಟೋವನ್ನು ಮೊದಲಿನಂತೆ ನೋಡಲು ನನಗಾಗಲಿಲ್ಲ.

ಹಕ್ಕಿಗೆ ಕಾಳು ಹಾಕುವುದು ನಮ್ಮ ಕಡೆ ಹೊಸದೇನಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆ ಬಹುಮಟ್ಟಿಗೆ ಮಳೆ ನಂಬಿದ ಒಣಬೇಸಾಯದ ನೆಲ. ಜೋಳ ಹಾಲುಗಾಳಾಗಿ ನಿಂತಾಗ ಮಕ್ಕಳ ಕೈಗೆ ಕವಣೆ ಕೊಟ್ಟು ಹಕ್ಕಿ ಕಾಯಲು ಕಳಿಸುತ್ತಿದ್ದ ನನ್ನಜ್ಜಿಯೇ, ಸುಗ್ಗಿ ಮುಗಿದ ಮೇಲೆ ನಾಲ್ಕು ತೆನೆ ಆರಿಸಿ ಸೂರಿಗೆ ಕಟ್ಟುತ್ತಿದ್ದಳು. ಹೊಲದಲ್ಲಿ ಓಡಿಸಿದ್ದು ಹೊಟ್ಟೆಗಾಗಿ, ಮನೆಯಲ್ಲಿ ಕಟ್ಟಿದ್ದು ಪಾಲು ಕೊಡಲಿಕ್ಕಾಗಿ. ಎರಡರ ನಡುವೆ ಅವಳಿಗೆ ಯಾವ ಗೊಂದಲವೂ ಇದ್ದಂತಿರಲಿಲ್ಲ.

ಹಾಗಾದರೆ ಅಜ್ಜಿಯ ತೆನೆಗೂ ನನ್ನ ನವಣೆಗೂ ಏನು ವ್ಯತ್ಯಾಸ? ಹಸಿದ ಗುಬ್ಬಿಗೆ ಎರಡೂ ಕಾಳೇ. ಕೊಟ್ಟವರ ಮನಸ್ಸಿನಲ್ಲಿ ಏನಿತ್ತು ಎಂದು ಅದು ಕೇಳುವುದಿಲ್ಲ. ಮನಸ್ಸು ಶುದ್ಧವಾಗಿರಬೇಕು ಎನ್ನುವುದು ನಮ್ಮ ಸಮಾಧಾನಕ್ಕೆ ಹೇಳಿಕೊಳ್ಳುವ ಮಾತು, ಹಕ್ಕಿಗೆ ಅದರಿಂದ ಏನೂ ಆಗಬೇಕಿಲ್ಲ. ಈ ವಾದವನ್ನು ನಾನೇ ನನ್ನ ಪರವಾಗಿ ಬಹಳ ದಿನ ಹೂಡಿಕೊಂಡೆ.

ಆದರೆ ಮನಸ್ಸಿನಲ್ಲಿರುವುದು ಮನಸ್ಸಿನಲ್ಲೇ ಉಳಿಯುವುದಿಲ್ಲ. ಕಾಳನ್ನು ಎಲ್ಲಿ ಇಡುತ್ತೇವೆ ಎನ್ನುವುದರಲ್ಲಿ ಅದು ಹೊರಬೀಳುತ್ತದೆ. ಅಜ್ಜಿ ತೆನೆ ಕಟ್ಟಿದ್ದು ಸೂರಿನ ಕೆಳಗೆ, ನೆರಳಲ್ಲಿ, ಬೆಕ್ಕು ಹಾರಿದರೂ ಸಿಗದಷ್ಟು ಎತ್ತರದಲ್ಲಿ. ಗಿಡುಗ ನುಗ್ಗಲಾರದ ಜಾಗ ಅದು. ಒಳ್ಳೆಯ ಫೋಟೋ ಕೂಡ ಬಾರದ ಜಾಗ. ನಾನು ಕಾಳಿಟ್ಟದ್ದು ಬಯಲಲ್ಲಿ, ಬೋಳು ಕೊಂಬೆಯ ಮೇಲೆ, ಬೆಳಕಿಗೆ ಎದುರಾಗಿ. ಸುತ್ತ ಮರೆಯಾಗಬಹುದಾಗಿದ್ದ ಎಲ್ಲವನ್ನೂ ನಾನೇ ತೆಗೆಸಿದ್ದೆ. ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವ ಹಕ್ಕಿ ಗಿಡುಗಕ್ಕೂ ಚೆನ್ನಾಗಿ ಕಾಣುತ್ತದೆ. ಅಜ್ಜಿ ಹಕ್ಕಿಯ ಕಣ್ಣಿನಿಂದ ಜಾಗ ಹುಡುಕಿದ್ದಳು, ನಾನು ನನ್ನ ಕಣ್ಣಿನಿಂದ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಎಂಬ ಪದಕ್ಕೆ ಅರ್ಥ ಹೇಳುವಾಗ ಕೊಲ್ಲುವುದು, ಹಿಡಿಯುವುದು, ಬಲೆಯೊಡ್ಡುವುದರ ಜೊತೆಗೆ ಆಮಿಷ ಒಡ್ಡುವುದನ್ನೂ ಸೇರಿಸಿದೆ. ಹಿತ್ತಲಲ್ಲಿ ಕಾಳು ಚೆಲ್ಲುವವರೆಲ್ಲ ಬೇಟೆಗಾರರು ಎಂದು ನಾನು ಹೇಳುತ್ತಿಲ್ಲ. ಆದರೆ ಉಣಿಸುವುದಕ್ಕೂ ಆಮಿಷಕ್ಕೂ ನಡುವೆ ಒಂದು ಗೆರೆ ಇದೆ ಎಂಬುದನ್ನು ಆ ಪದ ನನಗೆ ನೆನಪಿಸಿತು. ಆ ಗೆರೆ ಎಲ್ಲೆಡೆ ಸ್ಪಷ್ಟವಾಗಿಲ್ಲ. ಹಂಪಿಯ ಬಳಿಯ ದರೋಜಿ ಕರಡಿಧಾಮ 1994ರಲ್ಲಿ ಆಯಿತು. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು, ನೋಡಲು ಬಂದವರಿಗೆ ದೂರದ ಗೋಪುರದಿಂದ ಕರಡಿಗಳನ್ನು ತೋರಿಸುತ್ತಾರೆ, ನವಿಲುಗಳೂ ಬರುತ್ತವೆ. ಕರಡಿಯನ್ನು ಒಮ್ಮೆ ಕಣ್ಣಾರೆ ಕಂಡ ಮಗು ಅದಕ್ಕೆ ಕಲ್ಲೆಸೆಯಲು ಹಿಂಜರಿದರೆ ಅದೂ ಲಾಭವೇ. ಆ ಮಗುವಿನ ಎದುರು ನನ್ನ ವಾದ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಪ್ರೀತಿಯಿಂದ ಉಣಿಸಿದರೂ ಸಾಲದು ಎನ್ನುವುದಕ್ಕೆ ಬ್ರಿಟನ್ನಿನಲ್ಲೊಂದು ಉದಾಹರಣೆ ಇದೆ. ಚಳಿಗಾಲದಲ್ಲಿ ಮನೆಯಂಗಳದಲ್ಲಿ ಕಾಳಿನ ತಟ್ಟೆ ತೂಗುಹಾಕುವುದು ಅಲ್ಲಿ ಮನೆಮನೆಯ ರೂಢಿ. 2005ರಿಂದೀಚೆಗೆ ಅಲ್ಲಿನ ಗ್ರೀನ್‌ಫಿಂಚ್ ಹಕ್ಕಿಗಳಿಗೆ ಟ್ರೈಕೊಮೊನೋಸಿಸ್ ಎಂಬ ಗಂಟಲ ರೋಗ ತಗುಲಿ ಅವುಗಳ ಸಂಖ್ಯೆ ತೀರಾ ಕುಸಿಯಿತು. ಹಕ್ಕಿಗಳು ಗುಂಪುಗೂಡಿ ತಿನ್ನುವ, ಸರಿಯಾಗಿ ತೊಳೆಯದ ತಟ್ಟೆಗಳಲ್ಲಿ ರೋಗ ಸುಲಭವಾಗಿ ದಾಟುತ್ತದೆ. ಕರೆದು ಉಣಿಸಿದವರು ತಟ್ಟೆಯನ್ನೂ ತೊಳೆಯಬೇಕು.

ಮನುಷ್ಯರನ್ನು ಬರೀ ಸಾಧನವಾಗಿ ಕಾಣಬಾರದು ಎಂದ ಕಾಂಟ್. ಪ್ರಾಣಿಗಳನ್ನು ಅವನು ಆ ಮಾತಿನೊಳಗೆ ಸೇರಿಸಿಕೊಳ್ಳಲಿಲ್ಲ. ನಾವು ಸೇರಿಸಿಕೊಂಡರೂ ಅಲ್ಲಿ ಮುಖ್ಯವಾದ ಪದ 'ಬರೀ'. ಅಜ್ಜಿಗೂ ಗುಬ್ಬಿಯಿಂದ ಏನೋ ಸಿಗುತ್ತಿತ್ತು: ಚಿಲಿಪಿಲಿ, ಮನೆ ತುಂಬಿದೆ ಎಂಬ ಭಾವ. ಪಡೆಯುವುದು ತಪ್ಪಲ್ಲ. ಪಡೆದಾದ ಮೇಲೆ ಎದ್ದು ಹೋಗುವುದರಲ್ಲಿ ತಪ್ಪಿದೆ. 3 ವಾರ ದಿನವೂ ಅದೇ ಹೊತ್ತಿಗೆ ಅನ್ನವಿಟ್ಟು ರೂಢಿ ಮಾಡಿಸಿದವನು, ನನ್ನ ಕೆಲಸವಾಯಿತೆಂದು ಹೊರಟುಬಿಟ್ಟೆ. ಕ್ಯಾಮೆರಾ ಕೆಟ್ಟಿದ್ದರೆ ಮಾರನೆಯ ದಿನ ಕಾಳು ಹಾಕುತ್ತಿದ್ದೆನೇ? ಈ ಒಂದು ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ನನಗೇ ಇಷ್ಟವಾಗುವುದಿಲ್ಲ.

ಕಳೆದ ಚಳಿಗಾಲ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರಕ್ಕೆ ಹೋಗಿದ್ದೆ. ಊರ ಪಕ್ಕದ ಹಳೆಯ ನೀರಾವರಿ ಕೆರೆ, 244 ಎಕರೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು, 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ, ತಂಗುತ್ತವೆ. ಕೆರೆಯೊಳಗೆ ನಿಂತ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳಿದ್ದವು. ಅವುಗಳಿಗೆ ಯಾರೂ ಏನನ್ನೂ ತಿನ್ನಿಸುವುದಿಲ್ಲ. ಸಿಕ್ಕಿರುವುದು ನೀರು, ಕಡಿಯದೆ ಬಿಟ್ಟ ಮರ, ಗದ್ದಲ ಮಾಡದ ಊರು. ಇದೂ ಒಂದು ಕೊಡುಗೆಯೇ. ಇಲ್ಲಿ ಕೊಟ್ಟವರು ಯಾರೆಂದು ಹಕ್ಕಿಗೆ ಗೊತ್ತಾಗುವುದಿಲ್ಲ, ಒಬ್ಬರು ಊರು ಬಿಟ್ಟು ಹೋದರೆ ಮರುದಿನ ಅದು ನಿಂತುಹೋಗುವುದೂ ಇಲ್ಲ.

ಹಿತ್ತಲ ಕೊಂಬೆಯನ್ನು ಅವ್ವ ಎಂದೋ ಒಲೆಗೆ ಹಾಕಿದ್ದಳು. ಅಕ್ಕಿ, ಜೋಳ ಹಸನು ಮಾಡಿದಾಗ ಬರುವ ನುಚ್ಚನ್ನು ಈಗ ಬೇಲಿಯ ಬುಡದಲ್ಲಿ ಚೆಲ್ಲುತ್ತಾಳೆ. ನಾನು ಸೂರಿಗೆ ತೆನೆ ಕಟ್ಟಿದೆ. ಅಲ್ಲಿಗೆ ಗುಬ್ಬಿ ಬರುತ್ತವೆ, ಫೋಟೋ ಕಪ್ಪಾಗಿ ಬರುತ್ತದೆ. ಕೆಂಪು ರಾಟವಾಳ ಬರಲಿಲ್ಲ. ಅದು ಹುಲ್ಲಿನ ಹಕ್ಕಿ. ಹಾಗಾಗಿ ಹೊಲದ ಒಂದು ಬದುವಿನ ಹುಲ್ಲನ್ನು ಈ ಸಲ ಕೊಯ್ಯದೆ ಬಿಡಲು ಅಪ್ಪನನ್ನು ಕೇಳಿಕೊಂಡೆ.

"ಎಮ್ಮಿಗೆ ನಾಕು ದಿನದ ಮೇವು ಅದು," ಎಂದ ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಇದೂ ಫೋಟೋಕ್ಕs ಅಲ್ಲೇನು?" ಎಂದು ಕೇಳಿದ.

ಹೌದು, ಫೋಟೋಕ್ಕೇ. ಆದರೆ ನಾನು ಬರದೆ ಹೋದರೂ ಹುಲ್ಲು ಅಲ್ಲಿರುತ್ತದೆ.