ಪಾಚಿಗೆ ವಹಿಸಿಬಿಟ್ಟ ಕೆಲಸ

ಕೆರೆಯ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುತ್ತದಲ್ಲ, ಆ ಲೋಳೆಗೆ ಪಾಚಿ ಅಂದು ಸುಮ್ಮನಾಗುತ್ತೇವೆ. ನಮ್ಮ ಕುರ್ಡಿಯಲ್ಲಿ ನೀರಿನ ತೊಟ್ಟಿಯೊಳಗೆ ಕಂಡರೆ ಕಸಬರಿಗೆ ತಗೊಂಡು ತಿಕ್ಕುವುದೇ. ಅದರೊಳಗೆ ಒಂದು ಊರೇ ಇದೆ. ಬ್ಯಾಕ್ಟೀರಿಯಾ, ಪಾಚಿ, ಶಿಲೀಂಧ್ರಗಳು ತಾವೇ ಸುರಿಸಿದ ಅಂಟಿನಲ್ಲಿ ಮನೆ ಮಾಡಿಕೊಂಡಿರುತ್ತವೆ. ಬಯೋಫಿಲ್ಮ್ ಅನ್ನುವುದು ಇದಕ್ಕೇ. ಮೇಲ್ಪದರದವು ಆಮ್ಲಜನಕ ಬಳಸಿ ಕೊಳಚೆ ತಿನ್ನುತ್ತವೆ, ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ತಲುಪದ ಕೆಳಪದರದವು ಆ ನೈಟ್ರೇಟನ್ನು ಸಾರಜನಕವಾಗಿಸಿ ಗಾಳಿಗೆ ಬಿಡುತ್ತವೆ. ಒಬ್ಬರ ಔಟ್‌ಪುಟ್ ಇನ್ನೊಬ್ಬರ ಇನ್‌ಪುಟ್. ಮ್ಯಾನೇಜರ್ ಮಾತ್ರ ಇಲ್ಲ!

1892ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾಕ್ಕೆ 8000ಕ್ಕೂ ಹೆಚ್ಚು ಜನ ಸತ್ತರು. ಅದೇ ಎಲ್ಬೆ ನದಿಯ ನೀರು ಕುಡಿಯುತ್ತಿದ್ದ ಪಕ್ಕದ ಆಲ್ಟೋನಾ ಬಹುಮಟ್ಟಿಗೆ ಉಳಿಯಿತು. ಆಲ್ಟೋನಾದವರು ನೀರನ್ನು ಮರಳಿನಲ್ಲಿ ಸೋಸುತ್ತಿದ್ದರು. ಅಂಥ ಮರಳಿನ ಮೇಲೆ ಕಟ್ಟುವ ಲೋಳೆಯದೇ ದೊಡ್ಡ ಕೆಲಸ.

ಬೆಂಗಳೂರಿನ ಆಫೀಸಲ್ಲಿ ಊಟದ ಹೊತ್ತಿಗೆ ಇದನ್ನು ಹೇಳಿದರೆ ಬರುವ ಮಾತು: "ಹಂಗಾದ್ರೆ ಬೆಳ್ಳಂದೂರು ಕೆರೇಲೂ ಇದನ್ನೇ ಬೆಳೆಸಿದ್ರಾಯ್ತಲ್ಲ ಗುರು." ನನಗೆ ಕಸಿವಿಸಿಯಾಗುವುದು ಇಲ್ಲೇ. ಶುಚಿ ಮಾಡುವವರಿದ್ದಾರೆ ಅನ್ನುವುದು ಹೊಲಸು ಮಾಡಲು ಪರವಾನಗಿಯೇ?

ಬೆಳ್ಳಂದೂರು ಕೆರೆಗೆ 2015ರಲ್ಲಿ, 2017ರಲ್ಲಿ, ಮತ್ತೆ 2018ರಲ್ಲಿ ಬೆಂಕಿ ಬಿತ್ತು. ಅಲ್ಲೂ ಬ್ಯಾಕ್ಟೀರಿಯಾ ಇದ್ದೇ ಇದ್ದವು; ಅಷ್ಟು ಕೊಳಚೆಗೆ ಆಮ್ಲಜನಕ ಸಾಲಲಿಲ್ಲ. ಇನ್ನು ಸೀಸ, ಕ್ಯಾಡ್ಮಿಯಂಗಳನ್ನು ಲೋಳೆ ಹಿಡಿದಿಟ್ಟುಕೊಳ್ಳುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಪದರ ಕಿತ್ತರೆ ಅವು ಮತ್ತೆ ನೀರಿಗೇ. ಜಕ್ಕೂರಿನಲ್ಲಿ ಮೊದಲು ಶುದ್ಧೀಕರಣ ಘಟಕ, ಆಮೇಲೆ ಜೊಂಡಿನ ಜೌಗು, ಕೊನೆಗೆ ಕೆರೆ. ಅಲ್ಲಿ ಸೂಕ್ಷ್ಮಜೀವಿಗಳ ಪಾಲಿಗೆ ಬರುವುದು ಅವು ಹೊರಬಹುದಾದಷ್ಟು ಭಾರ.

"ಅವರಿಗೆ ಅದು ರೂಢಿ" ಅನ್ನುತ್ತ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಿದ್ದೂ ಇದೇ ತರ್ಕದಿಂದ. 2013ರ ಕಾನೂನು ಅದನ್ನು ನಿಷೇಧಿಸಿದ ಮೇಲೂ ಸಾವಿನ ಸುದ್ದಿ ನಿಂತಿಲ್ಲ. ಆದರೆ ಹೋಲಿಕೆ ಇಲ್ಲಿಗೇ ಸಾಕು. ಬ್ಯಾಕ್ಟೀರಿಯಾಕ್ಕೆ ಕೊಳಚೆ ಊಟ, ಮನುಷ್ಯನಿಗಲ್ಲ. ತೊಳೆಯುವವರನ್ನೇ ಹೊಲಸು ಅನ್ನುವ ಚಾಳಿ ಮಾತ್ರ ಎರಡೂ ಕಡೆ ನಮ್ಮದೇ.

ದೊಡ್ಡ ಅಪಾರ್ಟ್‌ಮೆಂಟುಗಳ ಎಸ್‌ಟಿಪಿಯಲ್ಲೂ ದುಡಿಯುವುದು ಇಂಥವೇ ಜೀವಿಗಳು. ಕರೆಂಟ್ ಬಿಲ್ ಉಳಿಸಲು ರಾತ್ರಿಯೆಲ್ಲ ಬ್ಲೋವರ್ ಆಫ್ ಮಾಡಿದರೆ ಅವಕ್ಕೆ ಉಸಿರು ಕಟ್ಟುತ್ತದೆ. ನಿಮ್ಮಲ್ಲಿ ಅದು ದಿನಕ್ಕೆ ಎಷ್ಟು ತಾಸು ಓಡುತ್ತದೆ ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳಿದ್ದೀರಾ?